ಸ್ಟಾಫ್ ರೂಮಿನಲ್ಲಿ ಹಾಕಿದ ಆಣೆ

ವೇಣೂರು ಹತ್ತಿರ,
೧೮ ನವೆಂಬರ್ ೨೦೨೪, ಸೋಮವಾರ

ಬ್ರಾಹ್ಮಿ ಟೀಚರಿಗೆ ಪದ್ಮಾಕ್ಷಿ ಮಾಡುವ ನಮಸ್ಕಾರ.

ಇವತ್ತು ಸಂಕಷ್ಟಿ. ಚಂದ್ರ ಕಾಣುವವರೆಗೆ ನನಗೆ ಊಟವಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ಮೊಮ್ಮಗಳಿಗೆ ಗಂಜಿ ಚಟ್ನಿ ಮಾಡಿಕೊಟ್ಟು ಶಾಲೆಗೆ ಕಳಿಸಿದೆ. ಬೀಡಿಯ ಎಲೆ ನೆನೆಹಾಕಿ ಈ ಕಾಗದಕ್ಕೆ ಕುಳಿತಿದ್ದೇನೆ. ಎಲೆ ಹದಕ್ಕೆ ಬರುವಷ್ಟರಲ್ಲಿ ಮುಗಿಸಬೇಕು.

ಫೋನು ಮಾಡಬಹುದಿತ್ತು ಎಂದು ನಿಮಗೆ ಅನಿಸಬಹುದು. ನಿಮ್ಮ ನಂಬರು ಹೆಡ್ ಮಾಸ್ಟ್ರು ಚನಿಯಪ್ಪನವರ ಹತ್ತಿರ ಉಂಟು, ಕೇಳಲು ನನಗೆ ಮುಖವಿಲ್ಲ. ಅಲ್ಲದೆ ನಮ್ಮಲ್ಲಿ ಅಂಗಳದ ತುದಿಗೆ ಹೋದರೆ ಮಾತ್ರ ಸಿಗ್ನಲ್, ಅಲ್ಲಿ ಆಡಿದ ಮಾತು ಆಚೆ ಮನೆಗೂ ಕೇಳುತ್ತದೆ. ನನ್ನ ಬಾಯಿ ನಿಮಗೆ ಗೊತ್ತು, ಒಂದು ಮಾತಿಗೆ ಇನ್ನೊಂದು ಬಂದರೆ ಏರುತ್ತದೆ. ಬರೆಯುವ ಕೈ ನಿಧಾನ. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಬೆಳ್ತಂಗಡಿ–ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಅಸ್ಕರ್ ನಮ್ಮ ಊರಿನವನೇ. ನೀವು ಈಗ ಮೂಡುಬಿದಿರೆಯಲ್ಲಿ ಯಾವ ಹಾಸ್ಟೆಲಿನಲ್ಲಿ ಕೆಲಸ ಮಾಡುತ್ತೀರಿ ಎಂದು ಅವನಿಗೆ ಗೊತ್ತುಂಟಂತೆ. ಅವನ ಕೈಯಲ್ಲಿ ಕೊಡುತ್ತೇನೆ.

ಆಗಸ್ಟಿನಲ್ಲಿ ನಾನು ಶಾಲೆಗೆ ಬಂದು ಮಾಡಿದ್ದು ನಿಮಗೆ ಮರೆತಿರಲಿಕ್ಕಿಲ್ಲ. ಓದು ಬರಹದಲ್ಲಿ ಹಿಂದೆ ಬಿದ್ದ ಮಕ್ಕಳಿಗೆಂದು ಸರಕಾರ ಸಂಜೆ ನಾಲ್ಕೂವರೆಯ ಕ್ಲಾಸು ಕೊಟ್ಟಿತ್ತು, ಅದಕ್ಕೆಂದೇ ನಿಮ್ಮನ್ನು ತಂದಿದ್ದರು. ನೀವು ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ ನೋಡಿ ಹದಿಮೂರು ಹೆಸರಿನ ಪಟ್ಟಿಯನ್ನು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದಿರಿ. ಆರನೆಯ ಕ್ಲಾಸಿನಲ್ಲಿ ಮೊದಲನೆಯದೇ ನಮ್ಮ ವಿಸ್ಮಿತಾಳ ಹೆಸರು. ಹದಿನೈದು ವರ್ಷದಿಂದ ಭಜನಾ ಮಂಡಳಿ ನಡೆಸುವವಳು ನಾನು. ಪ್ರತಿ ಶನಿವಾರ ನನ್ನ ಪಕ್ಕದಲ್ಲಿ ಪುಸ್ತಕ ಹಿಡಿದು ಇಡೀ ಭಜನೆ ಹೇಳುವ ಮಗುವಿಗೆ ಓದಲು ಬರುವುದಿಲ್ಲ ಎಂದು ಬಾಗಿಲಿಗೆ ಅಂಟಿಸಿದರೆ ನನಗೆ ಹೇಗಾಗಬೇಡ? ಲೆಕ್ಕಕ್ಕೆ ಮಕ್ಕಳು ಕಡಿಮೆ ಬಿದ್ದರೆ ಬೇರೆ ಮನೆಯವರನ್ನು ಹುಡುಕಿ ಎಂದು ನಿಮಗೆ ಹೇಳಿದೆ. ಅಷ್ಟಕ್ಕೆ ನಿಲ್ಲಿಸದೆ, “ನನ್ನ ಮೊಮ್ಮಗಳಿಗೆ ಓದ್ಲಿಕ್ಕೆ ಬರ್ತದೆ, ಧರ್ಮಸ್ಥಳದ ಆಣೆ” ಎಂದುಬಿಟ್ಟೆ. ಮಾಸ್ಟ್ರು ಆಣೆಗೆ ಎದುರು ಮಾತಾಡುವವರಲ್ಲ. ಹೆಸರು ಹೊಡೆದು ಹಾಕಿದರು.

ಅಂಥ ಮಾತು ಮೈಮೇಲೆ ಇಟ್ಟುಕೊಳ್ಳಬಾರದು. ಹೇಳಿದವರೂ ಕೇಳಿದವರೂ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ, ಕಾಣಿಕೆ ಹಾಕಿ, ಮಾತು ಹಿಂದೆ ತೆಗೆದುಕೊಳ್ಳಬೇಕು ಎಂದು ನಮ್ಮ ಹಿರಿಯರ ಕ್ರಮ. ಬರುವ ಸೋಮವಾರ ನೀವು ಒಂದು ದಿನ ರಜೆ ಹಾಕಿದರೆ ಹೋಗಿ ಬರುವ. ಬಸ್ಸಿನ ಖರ್ಚು ನನ್ನದು.

ವಿಸ್ಮಿತಾ ಚೆನ್ನಾಗಿ ಓದುತ್ತಿದ್ದಾಳೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ದೇವರ ಹೆಸರು ಸುಮ್ಮನೆ ಎತ್ತಿದೆನಲ್ಲ ಎಂದು ಮಾತ್ರ.

ಇಂತಿ,
ಪದ್ಮಾಕ್ಷಿ


ಮೂಡುಬಿದಿರೆ,
೨೩ ನವೆಂಬರ್ ೨೦೨೪

ಪದ್ಮಾಕ್ಷಿಯಕ್ಕನಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನಾನು ಕ್ಷೇಮ. ಇಲ್ಲಿ ಹಾಸ್ಟೆಲಿನ ಹುಡುಗಿಯರ ಸಂಜೆಯ ಓದು ನೋಡಿಕೊಳ್ಳುವ ಕೆಲಸ. ನಡೆಯುತ್ತಿದೆ.

ಸೋಮವಾರ ನನಗೆ ಬರಲಾಗುವುದಿಲ್ಲ, ರಜೆ ಸಿಗುವುದಿಲ್ಲ. ನಾವೂ ಮಂಜುನಾಥನಿಗೆ ಕೈಮುಗಿಯುವವರೇ. ಆದರೆ ನನ್ನ ಕಡೆಯಿಂದ ಯಾವುದೂ ಉಳಿದಿಲ್ಲ. ನಮ್ಮ ಜೈನರಲ್ಲಿ ವರ್ಷಕ್ಕೊಮ್ಮೆ ಎಲ್ಲರ ಕ್ಷಮೆ ಕೇಳುವ, ಎಲ್ಲರನ್ನೂ ಕ್ಷಮಿಸುವ ದಿನವಿದೆ. ಸೆಪ್ಟೆಂಬರಿನಲ್ಲಿ ಬಸದಿಯಲ್ಲಿ ನಿಂತು ಹಲವರ ಹೆಸರು ನೆನೆದೆ. ನಿಮ್ಮದೂ ಇತ್ತು. ಅಲ್ಲಿಗೆ ಅದು ಮುಗಿಯಿತು.

ನಾಲ್ಕೂವರೆಯ ಕ್ಲಾಸು ನಿಂತದ್ದು ಮೇಲಿನಿಂದ ಬಂದ ಆದೇಶದಿಂದ. ಅದಕ್ಕೆ ನೀವು ತಲೆಕೆಡಿಸಿಕೊಳ್ಳಬೇಡಿ.

ವಿಸ್ಮಿತಾ ಓದುತ್ತಿದ್ದಾಳೆ ಎಂದು ತಿಳಿದು ಬಹಳ ಸಂತೋಷವಾಯಿತು. ನನಗೆ ಎರಡು ಸಾಲು ಬರೆಯಲು ಹೇಳುತ್ತೀರಾ? ತಪ್ಪಿದ್ದರೂ ಪರವಾಗಿಲ್ಲ.

ಇತಿ,
ಬ್ರಾಹ್ಮಿ


೨ ಡಿಸೆಂಬರ್ ೨೦೨೪

ಬ್ರಾಹ್ಮಿ ಟೀಚರಿಗೆ,

ವಿಸ್ಮಿತಾ ಬರೆದ ಎರಡು ಸಾಲು ಇದರೊಳಗೆ ಇಟ್ಟಿದ್ದೇನೆ. ಜ್ವರ ಬಂದು ಎದ್ದವಳು, ಆದ್ದರಿಂದ ಅಕ್ಷರ ಸ್ವಲ್ಪ ವಾರೆ. ನಿಮ್ಮನ್ನು ಯಾವಾಗಲೂ ನೆನೆಯುತ್ತಾಳೆ. ನೀವು ಕ್ಷಮಿಸಿದ್ದೀರಿ ಎಂದು ಬರೆದದ್ದು ಓದಿ ಮನಸ್ಸು ಹಗುರವಾಯಿತು. ಆದರೂ ಧರ್ಮಸ್ಥಳದ ವಿಷಯ ಯೋಚಿಸಿ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೊತ್ತಾಯಿತು, ಹೆಚ್ಚು ಬರೆಯಲು ಆಗುವುದಿಲ್ಲ.

ಪದ್ಮಾಕ್ಷಿ


ಮೂಡುಬಿದಿರೆ,
೯ ಡಿಸೆಂಬರ್ ೨೦೨೪

ಅಕ್ಕಾ,

ಆ ಎರಡು ಸಾಲು ವಿಸ್ಮಿತಾಳದ್ದಲ್ಲ. ಅವಳು ಎಡಗೈಯಲ್ಲಿ ಬರೆಯುವವಳು. ಬರೆದ ಸಾಲಿನ ಮೇಲೆಯೇ ಅಂಗೈ ಒರೆಸಿಕೊಂಡು ಹೋಗುತ್ತದೆ, ಅವಳ ನೋಟ್ ಪುಸ್ತಕದಲ್ಲಿ ಶಾಯಿ ಹರಡದ ಒಂದು ಪುಟವೂ ಇರಲಿಲ್ಲ. ನೀವು ಕಳಿಸಿದ ಕಾಗದ ತೊಳೆದಷ್ಟು ಸ್ವಚ್ಛವಾಗಿದೆ. ಅಕ್ಷರ ವಾರೆ ಮಾಡಲು ನೀವು ಕಷ್ಟಪಟ್ಟದ್ದೂ ಕಾಣುತ್ತದೆ.

ಉತ್ತರ ಬರೆಯುವುದೇ ಬೇಡ ಅನಿಸಿತ್ತು. ಆದರೆ ಹಿಂದಿನ ಪತ್ರದಲ್ಲಿ ನಾನೂ ಒಂದು ಸುಳ್ಳು ಬರೆದಿದ್ದೇನೆ. ಕ್ಲಾಸು ನಿಂತದ್ದಕ್ಕೆ ಆದೇಶ ಬಂದದ್ದು ಹೌದು, ಏಕೆ ಬಂತು ಎಂದು ಬರೆಯಲಿಲ್ಲ. ನೀವು ಹೆಸರು ತೆಗೆಸಿಕೊಂಡು ಹೋದ ಮರುದಿನದಿಂದ ಒಬ್ಬೊಬ್ಬರೇ ತಾಯಂದಿರು ಬಂದರು. ಭಜನೆಯ ಪದ್ಮಾಕ್ಷಿಯಕ್ಕನ ಮಗುವಿಗೆ ಬೇಡವಾದದ್ದು ನಮಗೂ ಬೇಡ ಎಂದರು. ಹತ್ತು ದಿನದೊಳಗೆ ಇನ್ನೂ ಐದು ಹೆಸರು ಹೋದವು. ಹತ್ತು ಮಕ್ಕಳಿಲ್ಲದ ಶಾಲೆಗೆ ಪ್ರತ್ಯೇಕ ಟೀಚರನ್ನು ಕೊಡುವುದಿಲ್ಲ ಎಂದು ಮೇಲಿನವರು ಬರೆದರು. ಉಳಿದ ಏಳು ಮಕ್ಕಳು ಕೊನೆಯ ದಿನ ಎಂದಿನಂತೆ ಬಂದು ಕುಳಿತಿದ್ದರು, ಅವರಿಗೆ ನಾನು ಕ್ಲಾಸು ನಿಂತದ್ದನ್ನು ಹೇಳಲಿಲ್ಲ. ನಾಳೆ ನೋಡುವ ಎಂದೆ.

ಬಸದಿಯಲ್ಲಿ ನಿಮ್ಮ ಹೆಸರು ನೆನೆದದ್ದು ನಿಜ. ಮನಸ್ಸಿನಿಂದ ಹೋಗಿರಲಿಲ್ಲ ಎಂಬುದೂ ನಿಜ.

ಇನ್ನೊಂದನ್ನು ಹೇಳಿಬಿಡುತ್ತೇನೆ. ನೀವು ಆಣೆ ಹಾಕಿದಾಗ ವಿಸ್ಮಿತಾ ಬಾಗಿಲ ಹತ್ತಿರವೇ ನಿಂತಿದ್ದಳು. ಮೇಜಿನ ಮೇಲೆ ಎರಡನೆಯ ಕ್ಲಾಸಿನ ಪುಸ್ತಕ ಇತ್ತು. ತೆಗೆದುಕೊಟ್ಟು, ಓದು ಮಗಾ, ತಪ್ಪಾದರೂ ಪರವಾಗಿಲ್ಲ, ಇಲ್ಲಿ ಯಾರೂ ನಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೆದರಿದೆ. ಆ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದೂ ನಾನೇ. ಮೇಲೆ ‘ಕಲಿಕೆಯಲ್ಲಿ ಹಿಂದುಳಿದವರು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಹೊಸ ಕೆಲಸ, ಅಚ್ಚುಕಟ್ಟಾಗಿ ಕಾಣಲಿ ಎಂದು.

ಮಗು ಹೇಗಿದ್ದಾಳೆ ಎಂದು ಮಾತ್ರ ಬರೆಯಿರಿ. ನಿಜವಾಗಿ.

ಬ್ರಾಹ್ಮಿ


೧೮ ಡಿಸೆಂಬರ್ ೨೦೨೪, ಬುಧವಾರ

ಬ್ರಾಹ್ಮಿ ಟೀಚರಿಗೆ,

ಒಂಬತ್ತು ದಿನ ಪೆನ್ನು ಹಿಡಿಯಲಾಗಲಿಲ್ಲ. ಆ ಎರಡು ಸಾಲು ನಾನೇ ಬರೆದದ್ದು. ಮಗು ಎಡಗೈಯವಳು ಎಂಬುದು ಬರೆಯುವಾಗ ನನಗೆ ನೆನಪಿಗೇ ಬರಲಿಲ್ಲ. ಪ್ರಸಾದಕ್ಕೆ ಎಡಗೈ ಚಾಚಿದರೆ ಬೈಯುತ್ತೇನೆ, ಊಟಕ್ಕೆ ಚಾಚಿದರೆ ಹೊಡೆದದ್ದೂ ಉಂಟು. ಪೆನ್ನು ಹಿಡಿಯುವುದು ಯಾವ ಕೈಯಲ್ಲಿ ಎಂದು ಆರು ವರ್ಷದಲ್ಲಿ ಒಂದು ಸಲ ನೋಡಿದವಳಲ್ಲ. ನನ್ನ ಮಗಳು ಮೋಹಿನಿ ಬಂಟ್ವಾಳದ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಅಲ್ಲಿಯೇ ಇರುತ್ತಾಳೆ, ಭಾನುವಾರ ಬಂದು ಹೋಗುತ್ತಾಳೆ. ಮಗು ನಿಮ್ಮ ಹತ್ತಿರ ಇದ್ದರೆ ನನಗೆ ಧೈರ್ಯ ಅಮ್ಮಾ ಎಂದು ಹೇಳಿ ಬಿಟ್ಟು ಹೋದವಳು ಅವಳು.

ನಿಮ್ಮ ಕಾಗದ ಬಂದ ದಿನವೇ ಬೀಫಾತಿಮಾಳ ಮನೆಗೆ ಹೋದೆ. ಅವಳ ಮಗಳೂ ಆ ಪಟ್ಟಿಯಲ್ಲಿ ಇದ್ದಳಲ್ಲ. ಅವಳು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಹೆಸರು ಏಕೆ ತೆಗೆಸಿದ್ದು ಎಂದು ಕೇಳಿದೆ. ಮಡಿಲಿನ ಬೀಡಿ ಮೊರದಿಂದ ತಲೆ ಎತ್ತಲಿಲ್ಲ.

“ನೀವು ಆಣೆ ಹಾಕಿ ತೆಗೆಸಿದ್ರಿ, ನಾವು ನಿಮ್ಮನ್ನು ನೋಡಿ ತೆಗೆಸಿದ್ದು” ಎಂದಳು. “ಈಗ ನನ್ನವಳು ಬೋರ್ಡು ನೋಡಿ ಬಸ್ಸು ಹತ್ತುದಲ್ಲ ಪದ್ಮಾಕ್ಷಿಯಕ್ಕ, ಬಣ್ಣ ನೋಡಿ ಹತ್ತುದು. ಅಸ್ಕರಿಗೆ ಹೇಳಿಟ್ಟಿದ್ದೇನೆ, ಮಾರಾಯ, ಬಸ್ಸಿಗೆ ಬೇರೆ ಪೈಂಟ್ ಹೊಡೀಬೇಡ, ನನ್ನ ಮಗಳು ಕಾರ್ಕಳಕ್ಕೆ ಹೋಗಿ ಮುಟ್ಟಿಯಾಳು ಅಂತ.”

ಹೇಳಿ ನಕ್ಕಳು. ಅವಳು ಬೈದಿದ್ದರೆ ಎದುರು ಹೇಳಲು ನನ್ನಲ್ಲಿ ಮಾತಿತ್ತು.

ಅಲ್ಲಿಂದ ಮಾಸ್ಟ್ರ ಹತ್ತಿರ ಹೋದೆ. ವಿಸ್ಮಿತಾ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ ಎಂದರು. ಓದಲು ಎಬ್ಬಿಸಿದರೆ ಗಂಟಲು ನೋವು ಎನ್ನುತ್ತಾಳಂತೆ. ಅಕ್ಟೋಬರಿನಿಂದ ಹೀಗೆಯೇ. “ನಿಮಗೆ ಹೇಳುವುದು ಹೇಗೆ ಎಂದು ನಾನೂ ಸುಮ್ಮನಿದ್ದೆ, ನೀವು ಆಣೆ ಹಾಕಿದವರು” ಎಂದರು. ಮನೆಯಲ್ಲಿ ಗಂಟಲು ಸರಿ ಉಂಟಲ್ಲ, ಭಜನೆ ಹೇಳುತ್ತಾಳಲ್ಲ ಎಂದು ನಾನು ಯೋಚಿಸಿದೆ.

ಸಂಜೆ ಅವಳನ್ನು ಮುಂದೆ ಕೂರಿಸಿ ತಲೆ ಬಾಚುತ್ತಾ ಕೇಳಿದೆ. ಮುಖ ಕಾಣದಿದ್ದರೆ ಹೇಳಿಯಾಳು ಎಂದು. ಜಡೆಗೆ ರಿಬ್ಬನ್ ಹಾಕುವಾಗ ಹೇಳಿದಳು.

“ನನಗೆ ಓದ್ಲಿಕ್ಕೆ ಬರುದಿಲ್ಲ ಅಂತ ಗೊತ್ತಾದ್ರೆ ನಿಮ್ಮ ಆಣೆ ಸುಳ್ಳಾಗ್ತದಲ್ಲ ಅಜ್ಜಿ. ಮತ್ತೆ ನಿಮಗೆ ಎಂತಾದ್ರೂ ಆದ್ರೆ?”

ಅಕ್ಟೋಬರಿನಲ್ಲಿ ನನಗೆ ಒಂದು ವಾರ ಜ್ವರ ಬಂದಿತ್ತು. ವೇಣೂರಿನಲ್ಲಿ ಎರಡು ಬಾಟಲಿ ಗ್ಲೂಕೋಸ್ ಹಾಕಿದರು. ಅದರ ಹಿಂದಿನ ದಿನ ಮಾಸ್ಟ್ರು ಅವಳನ್ನು ಎಬ್ಬಿಸಿ ಓದಿಸಿದ್ದರಂತೆ, ಒಂದು ಸಾಲಿನಲ್ಲಿ ತಡವರಿಸಿದಳಂತೆ, ಹಿಂದಿನ ಬೆಂಚಿನವರು ನಕ್ಕರಂತೆ. ತಾನು ತಡವರಿಸಿದ್ದರಿಂದಲೇ ನನಗೆ ಜ್ವರ ಬಂತು ಎಂದು ಈ ಮಗು ಎರಡು ತಿಂಗಳು ಹೊತ್ತುಕೊಂಡು ತಿರುಗಿದೆ. ಆ ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಅಜ್ಜಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ನಾನು ನೋಡಲು ಬಂದವರಿಗೆಲ್ಲ ಹೇಳಿಕೊಂಡಿದ್ದೆ.

ಇನ್ನು ಒಂದೇ ಬಾಕಿ, ಅದನ್ನೂ ಬರೆಯುತ್ತೇನೆ. ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು ಟೀಚರೇ. ಹೊಸ ಭಜನೆ ತಂದರೆ ಪುಸ್ತಕ ನನ್ನ ಕೈಗೆ ಕೊಟ್ಟು, ಅಜ್ಜಿ ನೀವೊಮ್ಮೆ ಹೇಳಿ ಎನ್ನುತ್ತಿದ್ದಳು. ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ಪೂರ್ತಿ ಬಾಯಿಗೆ ಬರುತ್ತಿತ್ತು. ಪುಟ ಎಲ್ಲಿ ಮಗುಚಬೇಕು ಎಂದೂ ಲೆಕ್ಕ ಇಟ್ಟುಕೊಳ್ಳುತ್ತಿದ್ದಳು. ಜನ ಹೊಗಳುವಾಗ ನಾನು ಪಕ್ಕದಲ್ಲಿ ತಾಳ ಹಾಕಿಕೊಂಡು ಕುಳಿತಿರುತ್ತಿದ್ದೆ. ಒಂದು ದಿನ ಮಂಗಳಾರತಿ ಮುಗಿದ ಮೇಲೆ ಕರಪತ್ರ ಕೊಟ್ಟು ಓದು ಎಂದೆ. ಕನ್ನಡಿಯ ಹಾಗೆ ಹಿಡಿದುಕೊಂಡು ನಿಂತಳು. ನಾನು ಬೇಗ ಕಸಿದುಕೊಂಡು ಬೇರೆ ಮಾತು ತೆಗೆದೆ. ಅದು ಆಣೆ ಹಾಕುವ ಒಂದು ವರ್ಷ ಮೊದಲು. ಗೊತ್ತಿದ್ದೂ ಆಣೆ ಹಾಕಿದವಳು ನಾನು.

ನಿಮ್ಮನ್ನು ಧರ್ಮಸ್ಥಳಕ್ಕೆ ಕರೆದದ್ದು ಮಗುವಿಗಾಗಿ ಅಲ್ಲ. ಜ್ವರ ಬಂದ ಮೇಲೆ ನನಗೂ ಹೆದರಿಕೆ ಹಿಡಿದಿತ್ತು, ಅದಕ್ಕೆ.

ಇವತ್ತೂ ಸಂಕಷ್ಟಿ. ಹಸಿವೆಯೇ ಇಲ್ಲದವಳು ಉಪವಾಸ ಮಾಡಿದರೆ ಅದು ವ್ರತ ಹೌದೋ ಅಲ್ಲವೋ ಗೊತ್ತಿಲ್ಲ. ಏನು ಮಾಡಬೇಕು ಎಂದು ನೀವು ಹೇಳಿ. ಹೇಳಿದ ಹಾಗೆ ಮಾಡುತ್ತೇನೆ.

ಪದ್ಮಾಕ್ಷಿ


ಮೂಡುಬಿದಿರೆ,
೨೪ ಡಿಸೆಂಬರ್ ೨೦೨೪

ಪದ್ಮಾಕ್ಷಿಯಕ್ಕಾ,

ನಿಮ್ಮ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಓದಿದೆ. ಹುಡುಗಿಯರು ಊಟಕ್ಕೆ ಕರೆದರು, ಹೋಗಲಿಲ್ಲ.

ಧರ್ಮಸ್ಥಳಕ್ಕೆ ಆಮೇಲೆ ಹೋಗಿ ಬನ್ನಿ. ಮೊದಲು ಶಾಲೆಗೆ ಹೋಗಿ. ಹೇಳಿದವರೂ ಕೇಳಿದವರೂ ಒಟ್ಟಿಗೆ ಇರಬೇಕು ಎಂದು ನೀವೇ ಬರೆದಿದ್ದೀರಿ. ನಿಜವಾಗಿ ಕೇಳಿಸಿಕೊಂಡವಳು ನಾನಲ್ಲ, ಅವಳು. ಅವಳ ಎದುರಿಗೆ ಆ ಮಾತು ಹಿಂದೆ ತೆಗೆದುಕೊಳ್ಳಿ. ಅಸೆಂಬ್ಲಿಯಲ್ಲಿ ಬೇಡ. ಎಲ್ಲರ ಮುಂದೆ ಅವಳ ಹೆಸರನ್ನು ಒಮ್ಮೆ ನಾನು ಅಂಟಿಸಿದ್ದು ಸಾಕು. ಅದೇ ಸ್ಟಾಫ್ ರೂಮಿನಲ್ಲಿ, ಮಾಸ್ಟ್ರು ಮತ್ತು ಅವಳು ಇದ್ದರೆ ಆಯಿತು.

ನಾನು ಮಾಸ್ಟ್ರಿಗೆ ಫೋನು ಮಾಡಿದ್ದೆ. ಜನವರಿ ಹತ್ತರೊಳಗೆ ಹತ್ತು ಹೆಸರು ಕಳಿಸಿದರೆ ಪರೀಕ್ಷೆಯವರೆಗೆ ಕ್ಲಾಸು ಪುನಃ ಮಂಜೂರಾಗಬಹುದಂತೆ. ಈ ಸಲ ಪಟ್ಟಿ ಅವರ ಕಪಾಟಿನೊಳಗೆ ಇರುತ್ತದೆ. ಇಲ್ಲಿಯ ಕೆಲಸ ಬಿಡುವುದೋ ಬೇಡವೋ ಎಂದು ನಾನು ನಿರ್ಧರಿಸಬೇಕು. ಬಿಟ್ಟು ಬಂದರೆ ಮೂರೇ ತಿಂಗಳು, ಆಮೇಲೆ ಏನು ಎಂದು ಗೊತ್ತಿಲ್ಲ. ಈ ಕೆಲಸ ನಡೆಯುತ್ತಿದೆ ಎಂದು ಮೊದಲು ಬರೆದದ್ದೂ ಪೂರ್ತಿ ನಿಜವಲ್ಲ. ಹೋಗಲಿ.

ಒಂದೇ ಒಂದು ಕೇಳುತ್ತೇನೆ. ಮಾತು ಹಿಂದೆ ತೆಗೆದುಕೊಂಡ ಮೇಲೆ, ಕ್ಲಾಸಿಗೆ ಬರುತ್ತೀಯಾ ಎಂದು ವಿಸ್ಮಿತಾಳನ್ನು ಕೇಳಿ. ಹೇಳಿಕೊಡಬೇಡಿ. ಅವಳು ಏನು ಹೇಳಿದಳೋ ಅದನ್ನೇ ಬರೆಯಿರಿ, ಚಂದ ಮಾಡಬೇಡಿ. ಅವಳು ಬೇಡ ಎಂದರೆ ನಾನು ಬರುವುದಿಲ್ಲ. ಕೂರಿಸಿದ ಮಕ್ಕಳಿಗೂ ತಾವಾಗಿ ಕುಳಿತ ಮಕ್ಕಳಿಗೂ ಎಷ್ಟು ವ್ಯತ್ಯಾಸ ಎಂದು ಇಲ್ಲಿ ದಿನಾ ನೋಡುತ್ತಿದ್ದೇನೆ.

ಬ್ರಾಹ್ಮಿ


೪ ಜನವರಿ ೨೦೨೫, ಶನಿವಾರ

ಬ್ರಾಹ್ಮಿ ಟೀಚರಿಗೆ ನಮಸ್ಕಾರ.

ಇವತ್ತು ಶನಿವಾರ, ನನಗೆ ಒಪ್ಪತ್ತು. ಮಧ್ಯಾಹ್ನದ ಊಟ ಮುಗಿಸಿ ಬರೆಯುತ್ತಿದ್ದೇನೆ.

ಮೊನ್ನೆ ಗುರುವಾರ ಶಾಲೆಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಮಾಸ್ಟ್ರು ಕುರ್ಚಿ ಕೊಟ್ಟರು, ಕೂರಲಿಲ್ಲ. ವಿಸ್ಮಿತಾಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ. ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡು ಹೋದ ಮಾತು ಅಲ್ಲಿ ಬಾಯಿಗೆ ಬರಲಿಲ್ಲ. ಕಡೆಗೆ ಹೇಗೆ ಬಂತೋ ಹಾಗೆ ಹೇಳಿದೆ.

“ಆವತ್ತು ನಾನು ಸುಳ್ಳು ಆಣೆ ಹಾಕಿದೆ. ಇವಳಿಗೆ ಓದ್ಲಿಕ್ಕೆ ಬರುದಿಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಮರ್ಯಾದಿಗೆ ಹಾಕಿದ್ದು. ಆ ಮಾತು ಹಿಂದೆ ತಕೊಳ್ತಿದ್ದೇನೆ.”

ಮಾಸ್ಟ್ರು ಮೇಜಿನ ಮೇಲಿನ ಪುಸ್ತಕಗಳನ್ನು ಸರಿ ಮಾಡಿದರು. ವಿಸ್ಮಿತಾ ನನ್ನನ್ನು ನೋಡಲಿಲ್ಲ. ಅವರನ್ನು ನೋಡಿ, “ಇನ್ನು ಅಜ್ಜಿಗೆ ಎಂತ ಆಗುದಿಲ್ವಾ ಸರ್?” ಎಂದು ಕೇಳಿದಳು. ನಾನು ಎದುರಿಗೇ ಇದ್ದೇನೆ, ನನ್ನನ್ನು ಕೇಳಲಿಲ್ಲ. ದೇವರ ವಿಷಯದಲ್ಲಿ ಇಡೀ ಊರು ನನ್ನನ್ನು ಕೇಳುತ್ತದೆ ಟೀಚರೇ.

“ಎಂತ ಆಗುದಿಲ್ಲ” ಎಂದರು ಮಾಸ್ಟ್ರು. “ದೇವರು ನಮ್ಮಷ್ಟು ಹಟದವ ಅಲ್ಲ.”

ಮಗು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಿನ್ನೆ ಬೀಫಾತಿಮಾಳನ್ನು ಕರೆದುಕೊಂಡು ಉಳಿದ ನಾಲ್ಕೂ ಮನೆಗೆ ಹೋಗಿ ಬಂದೆ. ಜಗಲಿಯಲ್ಲೇ ನಿಂತು ಹೇಳಿದೆ, ನನ್ನದು ಸುಳ್ಳು, ನಿಮ್ಮ ಮಕ್ಕಳಿಗೆ ಕೇಡು ಮಾಡಿದೆ ಎಂದು. ಒಬ್ಬರು ನೀರು ಬೆಲ್ಲ ಕೊಟ್ಟರು. ಇನ್ನೊಂದು ಮನೆಯವರು, ಭಜನೆಗೆ ಇನ್ನು ನೀವೇ ಕುಳಿತುಕೊಳ್ಳುವುದಾ ಎಂದು ಮುಖಕ್ಕೇ ಕೇಳಿದರು. ಗೊತ್ತಿಲ್ಲ ಎಂದೆ. ಇವತ್ತಿನ ಭಜನೆಗೆ ಹಿಂದಿನ ಸಾಲಿನಲ್ಲಿ ಕೂರುವ ಎಂದಿದ್ದೇನೆ. ನಾಲ್ಕರಲ್ಲಿ ಎರಡು ಮನೆಯವರು ಒಪ್ಪಿದರು, ಹೆಸರು ಹನ್ನೊಂದು ಆಗಿದೆ. ಮಾಸ್ಟ್ರು ಸೋಮವಾರ ಕಳಿಸುತ್ತಾರೆ. ನಾಳೆ ಮೋಹಿನಿ ಬರುತ್ತಾಳೆ, ಅವಳಿಗೂ ಎಲ್ಲ ಹೇಳಬೇಕು. ಅದು ಇದಕ್ಕಿಂತ ಕಷ್ಟ.

ನೀವು ಕೇಳಿದ್ದಕ್ಕೆ ಉತ್ತರ. ಗುರುವಾರ ಮನೆಗೆ ಬರುವ ದಾರಿಯಲ್ಲೇ ಕೇಳಿದೆ. ಬ್ರಾಹ್ಮಿ ಟೀಚರ್ ಬಂದರೆ ಸಂಜೆಯ ಕ್ಲಾಸಿಗೆ ಕೂರುತ್ತೀಯಾ ಎಂದಷ್ಟೇ. ಹೇಳಿಕೊಡಲಿಲ್ಲ. ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ತಿರುಗದೆ ಹೇಳಿದಳು.

“ಕೂರ್ತೇನೆ. ಆದ್ರೆ ಆ ಹೊತ್ತಿಗೆ ನೀವು ಶಾಲೆಯ ಹತ್ತಿರ ಬರ್ಬಾರ್ದು ಅಜ್ಜಿ. ನಾನು ತಪ್ಪು ಓದುವಾಗ ನೀವು ಕೇಳ್ಬಾರ್ದು. ಟೀಚರ್ ಕೇಳಿದ್ರೆ ನಂಗೆ ನಾಚಿಕೆ ಆಗುದಿಲ್ಲ.”

ಮೊದಲನೆಯ ಮಾತನ್ನು ಮಾತ್ರ ಬರೆದು ಉಳಿದದ್ದನ್ನು ಬಿಡುವ ಎಂದು ಎರಡು ದಿನ ನೋಡಿದೆ. ಚಂದ ಮಾಡಬೇಡಿ ಎಂದಿದ್ದೀರಿ. ಅವಳು ಹೇಳಿದ್ದು ಇಷ್ಟೂ ಹೌದು. ಬರುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಆಣೆ ಹಾಕಲಿಲ್ಲ, ಬರಿಯ ಮಾತು.

ನೀವು ಬರುತ್ತೀರೋ ಇಲ್ಲವೋ ಎಂದು ಬುಧವಾರದೊಳಗೆ ಎರಡು ಸಾಲು ಬರೆಯಿರಿ. ಬರಲಾಗದಿದ್ದರೆ ಅದನ್ನೂ ಬರೆಯಿರಿ, ನಾನು ನಿಮ್ಮ ಮೇಲೆ ಒಂದು ಮಾತೂ ಹೊರಿಸುವುದಿಲ್ಲ. ಆದರೆ ಅಸ್ಕರನ ಬಸ್ಸು ನಿಲ್ಲುವುದು ಶಾಲೆಯ ಗೇಟಿನ ಎದುರು, ಬರುವ ಹೊತ್ತು ನಾಲ್ಕು ಮುಕ್ಕಾಲು. ಮಾಸ್ಟ್ರು ಸೋಮವಾರದಿಂದಲೇ ನಾಲ್ಕೂವರೆಗೆ ಮಕ್ಕಳನ್ನು ತಾವೇ ಕೂರಿಸಿಕೊಳ್ಳುತ್ತಾರಂತೆ. ಹಾಗಾಗಿ ನಾನು ಇನ್ನು ಆ ಹೊತ್ತಿಗೆ ಬಸ್ಸಿನ ಹತ್ತಿರ ಹೋಗುವ ಹಾಗಿಲ್ಲ. ಕಾಗದವನ್ನು ಬೀಫಾತಿಮಾಳ ಕೈಗೇ ಕೊಡು ಎಂದು ಅಸ್ಕರನಿಗೆ ಹೇಳಿ. ಅವಳು ತಂದುಕೊಡಲಿ.

ಇಂತಿ,
ಪದ್ಮಾಕ್ಷಿ